ಗಾಫಿಲ್: ಬೈಗುಳವಾಗುವ ಮೊದಲು ಈ ಪದ ಏನಾಗಿತ್ತು?

ದಖ್ಖನಿ ಮಾತಾಡುವ ಮನೆಗಳಲ್ಲಿ ಬೆಳೆದವರಿಗೆ ಈ ಮಾತು ಹೊಸದೇನಲ್ಲ: "ಗಾಫಿಲ್ ನಕ್ಕೋ ರಹೋ ಬೇಟಾ." ಪರೀಕ್ಷೆಗೆ ಹೊರಟ ಮಗನಿಗೂ, ಮುಂಬೈಯ ಲೋಕಲ್ ರೈಲು ಹತ್ತುವ ಮಗಳಿಗೂ ಅಮ್ಮಿ ಹೇಳೋದು ಇದನ್ನೇ. ಪುಣೆಯಲ್ಲಿದ್ದರೆ ಮರಾಠಿ ನೆರೆಯವರ ಬಾಯಲ್ಲೂ ಇದೇ ಪದ ಕೇಳುತ್ತೆ, "ಗಾಫೀಲ್ ರಾಹೂ ನಕಾ" ಅಂತ. ದೆಹಲಿಯ ಹಿಂದಿ ಪತ್ರಿಕೆಯಲ್ಲಿ ಗಫಲತ್ ಅಂದರೆ ಕೆಲಸದಲ್ಲಿ ಆದ ಬೇಜವಾಬ್ದಾರಿ. ಜುಮಾ ಬಯಾನಿನಲ್ಲಂತೂ ಅದಿಲ್ಲದ ವಾರವೇ ಇಲ್ಲ. ಯುವಕರು ಗಾಫಿಲ್, ತಾಯಂದಿರು ಗಾಫಿಲ್, ಇಡೀ ಕೌಮ್ ಗಫಲತ್ತಿನಲ್ಲಿ ಮಲಗಿದೆ.

ಈ ಪದವನ್ನು ನಾವು ಯಾರ ಮೇಲೆ ಎಸೆಯುತ್ತೇವೆ ಅನ್ನೋದನ್ನು ಸ್ವಲ್ಪ ಗಮನಿಸಿ. ಹುಡುಗಿಯೊಬ್ಬಳ ಫೋಟೋ ಯಾರೋ ಕದ್ದು ಹರಿಬಿಟ್ಟರೆ "ಅವಳೂ ಗಾಫಿಲ್ ಆಗಿದ್ದಳಲ್ಲ" ಅಂತೇವೆ. ವಯಸ್ಸಾದ ಚಾಚಾ ಒಬ್ಬರಿಗೆ ಫೋನಿನಲ್ಲಿ ಮೋಸ ಮಾಡಿ ಹಣ ದೋಚಿದರೆ ಮೊದಲ ಬೈಗುಳ ಚಾಚಾಗೇ. ದೋಚಿದವನ ಹೆಸರು ಆಮೇಲೆ ಬರುತ್ತದೆ, ಕೆಲವೊಮ್ಮೆ ಬರೋದೇ ಇಲ್ಲ. ಗಮನ ತಪ್ಪಿದವನೇ ಅಪರಾಧಿ ಅನ್ನುವ ಹಾಗೆ ಪದ ಬಳಕೆಯಾಗುತ್ತಿದೆ. ಆದರೆ ಸುಮಾರು 1400 ವರ್ಷಗಳ ಇದರ ಚರಿತ್ರೆಯನ್ನು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಈ ಪದ ಎಚ್ಚರಿಸಲು ಬಳಕೆಯಾದಷ್ಟೇ, ಗಮನ ತಪ್ಪಿದವರನ್ನು ಕಾಪಾಡಲೂ ಬಳಕೆಯಾಗಿದೆ.

ಮೂಲದಿಂದ ಶುರು ಮಾಡೋಣ. ಗಾಫಿಲ್, ಗಫ್ಲತ್ ಎರಡೂ ಅರಬಿಯ ಗೈನ್, ಫಾ, ಲಾಮ್ ಎಂಬ ಮೂರು ಅಕ್ಷರಗಳ ಧಾತುವಿನಿಂದ ಬಂದವು. ಇದೇ ಧಾತುವಿನ ಇನ್ನೊಂದು ಪದ ‘ಗುಫ್ಲ್’. ಹಳೆಯ ಅರಬಿ ನಿಘಂಟುಗಳಲ್ಲಿ ಅದರ ಅರ್ಥ ಗುರುತಿಲ್ಲದ್ದು. ದಾರಿ ತೋರುವ ಕಲ್ಲುಗುಪ್ಪೆಯಾಗಲಿ ಬೇರೆ ಚಿಹ್ನೆಯಾಗಲಿ ಇಲ್ಲದ ಮರುಭೂಮಿ ಗುಫ್ಲ್. ಒಡೆಯನ ಮುದ್ರೆ ಹಾಕದ ಒಂಟೆಯೂ ಗುಫ್ಲ್. ಬರೆದವರ ಹೆಸರಿಲ್ಲದ ಪುಸ್ತಕಕ್ಕೂ ಅದೇ ಪದ. ಅಲೆಮಾರಿ ಅರಬರಿಗೆ ಇದು ಪ್ರಾಣದ ಪ್ರಶ್ನೆ. ಗುರುತಿಲ್ಲದ ಮರಳಿನಲ್ಲಿ ದಾರಿ ತಪ್ಪಿದವನನ್ನು ಸೋಮಾರಿ ಅಂತ ಯಾರೂ ಬೈಯುವುದಿಲ್ಲ, ಅಲ್ಲಿ ಗುರುತೇ ಇರಲಿಲ್ಲ. ಗುರುತು ಇದ್ದೂ ನೋಡದೆ ಹೋದವನ ಮಾತು ಬೇರೆ. ಈ ಎರಡರ ನಡುವಿನ ವ್ಯತ್ಯಾಸವೇ ಮುಂದೆ ಪದದ ಎಲ್ಲ ಅರ್ಥಗಳಿಗೂ ಬುನಾದಿಯಾಯಿತು.

ಕುರ್‌ಆನಿನಲ್ಲಿ ಈ ಧಾತುವಿನ ರೂಪಗಳು ಸುಮಾರು 35 ಕಡೆ ಬರುತ್ತವೆ. ನಾವು ಹೆಚ್ಚಾಗಿ ಕೇಳಿರುವುದು ಖಂಡನೆಯ ಜಾಗಗಳನ್ನು. ಸೂರಃ ಅಅ್‌ರಾಫಿನಲ್ಲಿ (7:179) ಹೃದಯವಿದ್ದೂ ಅರಿಯದ, ಕಣ್ಣಿದ್ದೂ ಕಾಣದ, ಕಿವಿಯಿದ್ದೂ ಕೇಳದ ಜನರನ್ನು ಗಾಫಿಲರು ಎಂದು ಕರೆಯಲಾಗಿದೆ. ಅದೇ ಸೂರಃದ ಕೊನೆಯ ಭಾಗದಲ್ಲಿ (7:205) ಬೆಳಗ್ಗೆ ಸಂಜೆ ದೇವರನ್ನು ನೆನೆಯಿರಿ, ಗಾಫಿಲರಾಗಬೇಡಿ ಎಂಬ ಬೋಧನೆ ಇದೆ. ಇಲ್ಲಿ ಗಫಲತ್ತಿನ ಎದುರು ಪದ ಝಿಕ್ರ್, ಅಂದರೆ ನೆನಪು. ಸೂರಃ ರೂಮಿನಲ್ಲಿ (30:7) ಇಹಲೋಕದ ಮೇಲ್ಮೈಯನ್ನು ಚೆನ್ನಾಗಿ ಬಲ್ಲವರೇ ಪರಲೋಕದ ವಿಷಯದಲ್ಲಿ ಗಾಫಿಲರಾಗಿದ್ದಾರೆ. ಗಾಫಿಲ್ ಅಂದರೆ ದಡ್ಡ ಅಲ್ಲ ಎಂದು ಇದರಿಂದಲೇ ತಿಳಿಯುತ್ತದೆ. ಲೆಕ್ಕದಲ್ಲಿ ಚುರುಕಾದವನೂ ಗಾಫಿಲ್ ಆಗಿರಬಹುದು.

ಬೇರೆ ಜಾಗಗಳೂ ಇವೆ, ಅವುಗಳ ಬಗ್ಗೆ ಬಯಾನುಗಳಲ್ಲಿ ಕಡಿಮೆ ಕೇಳುತ್ತೇವೆ. ಸೂರಃ ಯೂಸುಫಿನ ಆರಂಭದಲ್ಲಿ (12:3) ಪ್ರವಾದಿವರ್ಯರಿಗೇ(ಸ), ಈ ಕಥೆ ಬರುವ ಮೊದಲು ನೀವೂ ಇದರ ಬಗ್ಗೆ ಗಾಫಿಲರಲ್ಲಿದ್ದಿರಿ ಎಂಬ ಅರ್ಥದ ಮಾತು ಬರುತ್ತದೆ. ಇಲ್ಲಿ ಬೈಗುಳದ ಸುಳಿವೂ ಇಲ್ಲ. ಗೊತ್ತಿರಲಿಲ್ಲ, ಅಷ್ಟೆ. ಸೂರಃ ಅನ್‌ಆಮಿನಲ್ಲಿ (6:131) ಜನರು ಗಾಫಿಲರಾಗಿರುವಾಗ, ಅಂದರೆ ಎಚ್ಚರಿಕೆಯೇ ತಲುಪದಿರುವಾಗ, ದೇವರು ಊರುಗಳನ್ನು ನಾಶ ಮಾಡುವುದಿಲ್ಲ ಎಂದಿದೆ. ತಿಳಿಸದೆ ಶಿಕ್ಷಿಸುವುದು ನ್ಯಾಯವಲ್ಲ ಎಂಬ ತತ್ವ ಈ ಪದದ ಜೊತೆಯಲ್ಲೇ ಬಂದಿದೆ. ಇನ್ನು ಅಲ್ಲಾಹನು ನಿಮ್ಮ ಕೃತ್ಯಗಳ ಬಗ್ಗೆ ಗಾಫಿಲ್ ಅಲ್ಲ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಸೂರಃ ಇಬ್ರಾಹೀಮಿನಲ್ಲಿ (14:42) ಅದು ನೇರವಾಗಿ ಅಕ್ರಮಿಗಳ ಕುರಿತು. ಮೇಲಿದ್ದವನಿಗೆ ಅದು ಬೆದರಿಕೆ, ಕೆಳಗೆ ತುಳಿತಕ್ಕೆ ಸಿಕ್ಕವನಿಗೆ ಸಮಾಧಾನ. ನಿನ್ನ ಕಷ್ಟವನ್ನು ಯಾರೂ ನೋಡಲಿಲ್ಲ ಅಂದುಕೊಳ್ಳಬೇಡ ಅನ್ನುವ ಮಾತು ಅದು.

ಯೂಸುಫರ ಕಥೆಯಲ್ಲೇ ಇನ್ನೊಂದು ಸೂಕ್ಷ್ಮ ಇದೆ. ಮಗನನ್ನು ಅಣ್ಣಂದಿರ ಜೊತೆ ಕಳಿಸಲು ಯಾಕೂಬರಿಗೆ ಭಯ. ನೀವು ಗಾಫಿಲರಾಗಿದ್ದಾಗ ತೋಳ ಅವನನ್ನು ತಿಂದೀತು ಎಂದು ತಮ್ಮ ಹೆದರಿಕೆ ಹೇಳಿಕೊಳ್ಳುತ್ತಾರೆ (12:13). ಬಾವಿಗೆ ತಳ್ಳಿ ಬಂದ ಅಣ್ಣಂದಿರು ಅದೇ ಭಯವನ್ನು ನೆಪ ಮಾಡಿಕೊಳ್ಳುತ್ತಾರೆ. ನಾವು ಓಟದ ಪಂದ್ಯದಲ್ಲಿದ್ದೆವು, ಸಾಮಾನಿನ ಹತ್ತಿರ ಬಿಟ್ಟಿದ್ದ ಅವನನ್ನು ತೋಳ ತಿಂದುಬಿಟ್ಟಿತು (12:17). ಅಂದರೆ ಬೇಕೆಂದೇ ಮಾಡಿದ ಅಪರಾಧಕ್ಕೆ ಗಫಲತ್ತಿನ ಅಂಗಿ ತೊಡಿಸಿದರು. ಈ ಉಪಾಯ ಇವತ್ತಿಗೂ ಹಳೆಯದಾಗಿಲ್ಲ. ಸೇತುವೆ ಕುಸಿದಾಗ, ಪಟ್ಟಿಯಿಂದ ಹೆಸರು ಬಿಟ್ಟುಹೋದಾಗ, ಹೊಣೆ ಹೊತ್ತವರು "ಗಮನ ತಪ್ಪಿತು" ಅನ್ನುವುದನ್ನು ಎಷ್ಟು ಸಲ ಕೇಳಿಲ್ಲ? ಬಡವನ ಗಫಲತ್ತು ಅಪರಾಧವಾಗುತ್ತದೆ, ಬಲ್ಲಿದನ ಅಪರಾಧ ಗಫಲತ್ತಾಗುತ್ತದೆ.

ಈಗ ಈ ಚರಿತ್ರೆಯ ಎದೆಯಂತಿರುವ ಘಟನೆಗೆ ಬರೋಣ. ಹಿಜರಿ 5 ಅಥವಾ 6ನೇ ವರ್ಷ. ಬನೂ ಮುಸ್ತಲಿಕ್ ದಂಡಯಾತ್ರೆಯಿಂದ ಮದೀನಾಕ್ಕೆ ಮರಳುವ ದಾರಿ. ಹಝ್ರತ್ ಆಯಿಶಾ(ರ) ಕಳೆದುಹೋದ ತಮ್ಮ ಸರ ಹುಡುಕಲು ಹೋಗಿದ್ದಾಗ ಅವರ ಪಲ್ಲಕ್ಕಿಯನ್ನು ಒಂಟೆಯ ಮೇಲೆ ಏರಿಸಿ ಜನ ಹೊರಟುಬಿಟ್ಟರು. ಅವರು ಎಳೆ ವಯಸ್ಸಿನವರು, ಹಗುರವಾಗಿದ್ದರು. ಒಳಗೆ ಇಲ್ಲ ಅನ್ನೋದು ಎತ್ತಿದವರಿಗೆ ಗೊತ್ತೇ ಆಗಲಿಲ್ಲ. ಹಿಂದೆ ಉಳಿದಿದ್ದ ಸಫ್ವಾನ್ ಬಿನ್ ಮುಅತ್ತಲ್(ರ) ಅವರನ್ನು ತಮ್ಮ ಒಂಟೆಯ ಮೇಲೆ ಕೂರಿಸಿ ಕರೆತಂದರು. ಅಷ್ಟಕ್ಕೇ ಮದೀನಾದಲ್ಲಿ ಅಪವಾದ ಹಬ್ಬಿತು. ಊರೆಲ್ಲ ಮಾತಾಡುತ್ತಿತ್ತು, ಆಯಿಶಾರಿಗೆ ಮಾತ್ರ ಗೊತ್ತಿರಲಿಲ್ಲ. ಮರಳಿದ ಮೇಲೆ ಅವರು ಸುಮಾರು ಒಂದು ತಿಂಗಳು ಜ್ವರದಲ್ಲಿದ್ದರು. ಒಂದು ರಾತ್ರಿ ಜೊತೆಗೆ ಹೊರಗೆ ಹೋಗಿದ್ದ ಉಮ್ಮು ಮಿಸ್ತಹ್ ಎಡವಿ, ತಮ್ಮ ಮಗನನ್ನೇ ಶಪಿಸಿದಾಗಷ್ಟೇ ಸಂಗತಿ ಬಯಲಾಯಿತು.

ಈ ನಡುವೆ ಮನೆಗೆಲಸದ ಬರೀರಾರನ್ನು ವಿಚಾರಿಸಲಾಯಿತು. ಬುಖಾರಿ ಮುಂತಾದ ಸಂಗ್ರಹಗಳಲ್ಲಿರುವ ಅವರ ಉತ್ತರದ ಸಾರಾಂಶ ಇಷ್ಟು: ನಾನು ಅವರಲ್ಲಿ ಕಂಡ ಕೊರತೆ ಒಂದೇ, ಎಳೆಯ ಹುಡುಗಿ, ನಾದಿದ ಹಿಟ್ಟನ್ನು ಕಾಯದೆ ನಿದ್ದೆ ಹೋಗುತ್ತಾರೆ, ಮನೆಯ ಆಡು ಬಂದು ಹಿಟ್ಟು ತಿಂದುಹೋಗುತ್ತದೆ. ಎಂಥ ಸಾಕ್ಷಿ ನೋಡಿ! ಆಯಿಶಾರ ಮೇಲೆ ಹೊರಿಸಬಹುದಾದ ಏಕೈಕ ‘ತಪ್ಪು’ ಗಮನ ತಪ್ಪುವುದು. ಆ ತಪ್ಪೇ ಅವರ ಮುಗ್ಧತೆಗೆ ಸಾಕ್ಷಿಯಾಯಿತು. ಹಿಟ್ಟಿನ ಮೇಲೇ ನಿಗಾ ಇಡಲಾಗದ ಹುಡುಗಿ ಒಳಸಂಚು ಮಾಡುವವಳಲ್ಲ.

ನಂತರ ಸೂರಃ ನೂರಿನ ವಚನಗಳು ಅವತೀರ್ಣವಾಗಿ ಆಯಿಶಾರ ನಿರ್ದೋಷವನ್ನು ಸಾರಿದವು. ಆ ಪ್ರಸಂಗದಲ್ಲೇ (24:23) ಶೀಲವಂತರಾದ, ‘ಗಾಫಿಲಾತ್’ ಆದ, ವಿಶ್ವಾಸಿನಿಯರಾದ ಸ್ತ್ರೀಯರ ಮೇಲೆ ಆರೋಪ ಹೊರಿಸುವವರು ಶಾಪಗ್ರಸ್ತರು ಎಂದಿದೆ. ಗಾಫಿಲಾತ್ ಅನ್ನುವುದು ಗಾಫಿಲ್ ಪದದ ಸ್ತ್ರೀಲಿಂಗ ಬಹುವಚನ. ವ್ಯಾಖ್ಯಾನಕಾರರು ಇದಕ್ಕೆ ಕೆಡುಕಿನ ಯೋಚನೆಯೇ ಮನಸ್ಸಿಗೆ ಬಾರದ, ನಿರ್ಮಲ ಹೃದಯದವರು ಎಂದು ಅರ್ಥ ಹೇಳಿದ್ದಾರೆ. ಅದೇ ಪದ ಇಲ್ಲಿ ಹೊಗಳಿಕೆ! ಖಂಡನೆ ಇರುವುದು ಮಾತನಾಡಿದವರಿಗೆ. ಕೇಳಿದ ಕೂಡಲೇ ನೀವು ಒಳ್ಳೆಯದನ್ನೇ ಯಾಕೆ ಭಾವಿಸಲಿಲ್ಲ (24:12), ಗೊತ್ತಿಲ್ಲದ್ದನ್ನು ನಾಲಿಗೆಯಿಂದ ನಾಲಿಗೆಗೆ ದಾಟಿಸಿ ಅದನ್ನು ಹಗುರವೆಂದು ಯಾಕೆ ಎಣಿಸಿದಿರಿ (24:15) ಎಂಬ ಅರ್ಥದ ಪ್ರಶ್ನೆಗಳು ಅವರಿಗೇ. ಎಚ್ಚರವಾಗಿರಬೇಕಾದವರು ಕೇಳಿದವರು, ಹೇಳಿದವರು. ಫೋಟೋ ಕದ್ದವನನ್ನು ಬಿಟ್ಟು ಹುಡುಗಿಯನ್ನು ಗಾಫಿಲ್ ಅನ್ನುವ ನಮ್ಮ ಅಭ್ಯಾಸವನ್ನು ಈ ವಚನದ ಪಕ್ಕ ಇಟ್ಟು ನೋಡಿದರೆ ತಲೆ ತಗ್ಗಿಸಬೇಕಾಗುತ್ತದೆ.

ಅನುವಾದದ ಕಷ್ಟವೂ ಇಲ್ಲೇ ಕಾಣುತ್ತದೆ. ಕನ್ನಡದಲ್ಲಿ ಗಾಫಿಲ್‌ಗೆ ‘ಅಲಕ್ಷ್ಯ ಮಾಡುವವರು’ ಎಂದು ಬರೆದರೆ 7:179ಕ್ಕೆ ಸರಿಹೋದೀತು, 24:23ಕ್ಕೆ ಹೋಗದು. ಅಲ್ಲಿ ‘ಏನೂ ಅರಿಯದವರು’ ಅನ್ನಬೇಕು. ಸೈನ್ಯಕ್ಕೆ ಸಂಬಂಧಿಸಿದ ನಮಾಝಿನ ನಿಯಮ ಬರುವ 4:102ರಲ್ಲಿ, ಆಯುಧದ ಮೇಲಿನ ನಿಗಾ ತಪ್ಪುವ ಅರ್ಥದಲ್ಲಿ, ‘ಮೈಮರೆಯುವುದು’ ಅನ್ನಬೇಕು. ಒಂದೇ ಅರಬಿ ಪದ, ಕನ್ನಡದಲ್ಲಿ ಮೂರು. ಅರಿಯದವನು, ಮೈಮರೆತವನು, ಅಲಕ್ಷ್ಯ ಮಾಡಿದವನು ಈ ಮೂವರೂ ಒಂದೇ ಅಲ್ಲ ಎಂದು ಕನ್ನಡವೇ ನಮಗೆ ನೆನಪಿಸುತ್ತದೆ.

ಎರಡನೆಯವನನ್ನು, ಅಂದರೆ ಸುಮ್ಮನೆ ಮೈಮರೆತವನನ್ನು, ಧರ್ಮಶಾಸ್ತ್ರ ಎಷ್ಟು ಮೃದುವಾಗಿ ಕಂಡಿದೆ ಅನ್ನುವುದಕ್ಕೆ ‘ಸಜ್ದಃ ಸಹ್ವ್’ ಉದಾಹರಣೆ. ಒಮ್ಮೆ ಪ್ರವಾದಿವರ್ಯರೇ(ಸ) ನಾಲ್ಕು ರಕಅತ್‌ಗಳ ನಮಾಝನ್ನು ಎರಡಕ್ಕೇ ಮುಗಿಸಿ ಎದ್ದರು. ದೊಡ್ಡವರೆಲ್ಲ ಸುಮ್ಮನಿದ್ದರು. ದುಲ್‌ಯದೈನ್ ಎಂದು ಕರೆಯಲಾಗುತ್ತಿದ್ದ ಸಹಾಬಿಯೊಬ್ಬರು, ನಮಾಝ್ ಕಡಿಮೆಯಾಯಿತೋ ತಾವು ಮರೆತಿರೋ ಎಂದು ಕೇಳಿದರು. ಪ್ರವಾದಿವರ್ಯರು ಉಳಿದವರನ್ನು ವಿಚಾರಿಸಿ ಖಚಿತಪಡಿಸಿಕೊಂಡು, ಬಿಟ್ಟದ್ದನ್ನು ಪೂರ್ತಿ ಮಾಡಿ, ಎರಡು ಸಜ್ದಃ ಮಾಡಿದರು. ಅಷ್ಟೇ ಪರಿಹಾರ. ಗಮನ ತಪ್ಪುವುದು ಮನುಷ್ಯ ಸಹಜ, ತೋರಿಸಿಕೊಟ್ಟರೆ ತಿದ್ದಿಕೊಳ್ಳುವುದು ಸುನ್ನತ್. ತೋರಿಸಿಕೊಟ್ಟವನನ್ನು ಯಾರೂ ಗದರಲಿಲ್ಲ ಅನ್ನುವುದೂ ಪಾಠವೇ.

ಹಾಗಾದರೆ ಗಫಲತ್ತನ್ನು ಕಟ್ಟುನಿಟ್ಟಾಗಿ ಹಿಡಿದದ್ದೆಲ್ಲಿ? ಹದೀಸ್ ಶಾಸ್ತ್ರದಲ್ಲಿ. ಅಲ್ಲಿ ಬೇರೆಯವರ ಮಾತನ್ನು ದಾಟಿಸುವ ಹೊಣೆ ಇರುತ್ತದೆ. ಇಮಾಮ್ ಮುಸ್ಲಿಮ್ (ನಿಧನ 875) ತಮ್ಮ ಸಹೀಹ್ ಗ್ರಂಥದ ಮುನ್ನುಡಿಯಲ್ಲಿ ಯಹ್ಯಾ ಬಿನ್ ಸಈದ್ ಅಲ್ ಕತ್ತಾನ್ ಅವರ ಅಭಿಪ್ರಾಯ ದಾಖಲಿಸಿದ್ದಾರೆ. ಸಜ್ಜನರೆನಿಸಿದವರು ಹದೀಸಿನ ವಿಷಯದಲ್ಲಿ ಆಡುವಷ್ಟು ಸುಳ್ಳನ್ನು ಬೇರೆಲ್ಲೂ ಆಡುವುದಿಲ್ಲ ಎಂಬ ಕಟುವಾದ ಮಾತು ಅದು. ಮುಸ್ಲಿಮ್ ಅದಕ್ಕೆ ವಿವರಣೆ ಕೊಡುತ್ತಾರೆ: ಅವರು ಬೇಕೆಂದು ಸುಳ್ಳು ಹೇಳುವುದಿಲ್ಲ, ನಾಲಿಗೆಯ ಮೇಲೆ ಸುಳ್ಳು ತಾನಾಗಿ ಹರಿದುಬಿಡುತ್ತದೆ. ಕೈರೋದ ಇಬ್ನ್ ಹಜರ್ ಅಸ್ಕಲಾನಿ (ನಿಧನ 1449) ‘ನುಖ್ಬತುಲ್ ಫಿಕರ್’ ಎಂಬ ಚಿಕ್ಕ ಗ್ರಂಥದಲ್ಲಿ ವರದಿಗಾರನನ್ನು ತಿರಸ್ಕರಿಸಲು 10 ಕಾರಣಗಳನ್ನು ಪಟ್ಟಿ ಮಾಡುವಾಗ ಗಫ್ಲತ್ತನ್ನೂ ಸೇರಿಸಿದ್ದಾರೆ. ಸುಳ್ಳುಗಾರಿಕೆ ಮೇಲಿನ ಸ್ಥಾನದಲ್ಲಿದೆ, ಆದರೆ ಗಫ್ಲತ್ತೂ ಆ ಪಟ್ಟಿಯಲ್ಲಿದೆ.

ಹದೀಸ್ ವಿದ್ವಾಂಸರು ಇದನ್ನು ಪರೀಕ್ಷಿಸುವ ರೀತಿಯೂ ಕುತೂಹಲದ್ದು. ವರದಿಗಾರನ ಮುಂದೆ ಅವನದಲ್ಲದ ವರದಿಯನ್ನು ಇಟ್ಟು "ಇದು ನಿಮ್ಮದೇ ತಾನೆ?" ಎಂದು ಕೇಳುವುದು. ಹೌದು ಅಂದರೆ ಅವನು ‘ತಲ್ಕೀನ್’ ಒಪ್ಪುವವನು, ಬಾಯಿಗೆ ಹಾಕಿದ್ದನ್ನು ನುಂಗುವವನು. ಅಂಥವನಿಗೆ ‘ಮುಗಫ್ಫಲ್’ ಎಂಬ ಹೆಸರು. ಅವನ ನಮಾಝ್, ಉಪವಾಸ, ಕಣ್ಣೀರು ಯಾವುದೂ ಇಲ್ಲಿ ಲೆಕ್ಕಕ್ಕಿಲ್ಲ. ಭಕ್ತಿ ಬೇರೆ, ಎಚ್ಚರ ಬೇರೆ ಎಂದು ನಮ್ಮ ಹಿರಿಯ ವಿದ್ವಾಂಸರು ಎಷ್ಟು ಖಡಾಖಂಡಿತವಾಗಿ ಹೇಳಿದ್ದಾರೆ! ಇವತ್ತು ವಾಟ್ಸಾಪ್‌ನಲ್ಲಿ "ಹತ್ತು ಜನರಿಗೆ ಕಳಿಸಿ, ಸವಾಬ್ ಸಿಗುತ್ತೆ" ಎಂದು ಬರುವ ಮೂಲವಿಲ್ಲದ ಹದೀಸನ್ನು ಕಣ್ಣುಮುಚ್ಚಿ ಮುಂದಕ್ಕೆ ತಳ್ಳುವ ನಮ್ಮ ಒಳ್ಳೆಯ ಖಾಲಾ, ಮಾಮೂಗಳನ್ನು ಆ ಶಾಸ್ತ್ರ ಏನೆಂದು ಕರೆದೀತು? ಬಾಗ್ದಾದಿನ ಇಬ್ನುಲ್ ಜೌಝಿ (ನಿಧನ 1201) ಮೂಢರ ಮತ್ತು ಮುಗಫ್ಫಲರ ಕಥೆಗಳನ್ನೇ ಒಂದು ಪುಸ್ತಕ ಮಾಡಿದ್ದಾರೆ. ಅದನ್ನು ಓದಿ ನಗುವಾಗ ನಮ್ಮ ಫೋನನ್ನೂ ಒಮ್ಮೆ ನೋಡಿಕೊಳ್ಳಬೇಕು.

ಬೇರೆಯವರ ಮಾತು ದಾಟಿಸುವವನಿಗೆ ಇಷ್ಟು ಬಿಗಿ. ಆದರೆ ತನ್ನ ವ್ಯವಹಾರದಲ್ಲಿ ತಾನೇ ಮೋಸ ಹೋಗುವವನಿಗೆ? ಫಿಕ್ಹ್‌ನಲ್ಲಿ ಅವನನ್ನು ‘ದುಲ್ ಗಫ್ಲಃ’ ಅಂತಾರೆ, ಅಂದರೆ ಕೊಡುಕೊಳ್ಳುವಿಕೆಯಲ್ಲಿ ಸುಲಭವಾಗಿ ಏಮಾರುವವನು. ಪ್ರವಾದಿವರ್ಯರ(ಸ) ಕಾಲದಲ್ಲೇ ಇಂಥವರೊಬ್ಬರಿದ್ದರು. ಹಬ್ಬಾನ್ ಬಿನ್ ಮುನ್ಕಿದ್(ರ) ಎಂದು ಹಲವು ವಿದ್ವಾಂಸರು ಅವರನ್ನು ಗುರುತಿಸಿದ್ದಾರೆ. ಅವರಿಗೆ ವ್ಯಾಪಾರ ಮಾಡಲು ಬಿಡಬೇಡಿ ಎಂದು ಮನೆಯವರು ದೂರು ತಂದರು. ಪ್ರವಾದಿವರ್ಯರು ಬೇಡವೆಂದು ಹೇಳಿ ನೋಡಿದರು. ವ್ಯಾಪಾರ ಬಿಟ್ಟು ಇರಲಾರೆ ಎಂದು ಆತ ಅಂದಾಗ, ಹಾಗಾದರೆ ಕೊಡುಕೊಳ್ಳುವಾಗ "ಮೋಸ ಕೂಡದು" ಎಂದು ಹೇಳಿಬಿಡು ಎಂದು ಸೂಚಿಸಿದರು. ಅಂದರೆ ಅವನ ಕೈ ಕಟ್ಟಲಿಲ್ಲ, ಎದುರಿನವನ ಮೇಲೆ ಹೊಣೆ ಹಾಕಿದರು. ಇದರ ಮೇಲೆ ಹನಫಿ ಪರಂಪರೆಯಲ್ಲಿ ದೊಡ್ಡ ಚರ್ಚೆ ಇದೆ. ಪ್ರಾಯಕ್ಕೆ ಬಂದ ಸ್ವತಂತ್ರ ಮನುಷ್ಯನ ವ್ಯವಹಾರದ ಹಕ್ಕನ್ನು ಗಫ್ಲತ್ತಿನ ಕಾರಣಕ್ಕೆ ಕಿತ್ತುಕೊಳ್ಳಬಾರದು ಎಂದು ಇಮಾಮ್ ಅಬೂ ಹನೀಫಾ (ನಿಧನ 767). ಅವನ ಒಳ್ಳೆಯದಕ್ಕಾಗಿ ನಿರ್ಬಂಧಿಸಬಹುದು ಎಂದು ಅವರ ಇಬ್ಬರು ಶಿಷ್ಯರು, ಅಬೂ ಯೂಸುಫ್ ಮತ್ತು ಮುಹಮ್ಮದ್ ಶೈಬಾನಿ. ಗುರು ಸ್ವಾತಂತ್ರ್ಯ ಕಾದರು, ಶಿಷ್ಯರು ಆಸ್ತಿ ಕಾದರು. ಏಮಾರಿದವನಿಗೆ ಬೈಯಬೇಕು ಎಂದು ಎರಡೂ ಕಡೆಯವರು ಹೇಳಲಿಲ್ಲ.

ಸೂಫಿಗಳ ದಾರಿಯಲ್ಲಿ ಪದ ಒಳಮುಖವಾಯಿತು. ಇಮಾಮ್ ಗಝಾಲಿ (ನಿಧನ 1111) ‘ಇಹ್ಯಾ’ದಲ್ಲಿ ನಮಾಝಿನ ಜೀವ ಹೃದಯದ ಹಾಜರಿಯಲ್ಲಿದೆ ಎಂದು ವಿವರಿಸುತ್ತಾರೆ. ನಕ್ಷ್‌ಬಂದಿಗಳ ಮೊದಲ ಸೂತ್ರ ‘ಹೋಶ್ ದರ್ ದಮ್’, ಉಸಿರು ಉಸಿರಿನಲ್ಲೂ ಎಚ್ಚರ. ಇದಕ್ಕೆ ಎದುರು ಎಂಬಂತೆ ಮೌಲಾನಾ ರೂಮಿ (ನಿಧನ 1273) ಮಸ್ನವಿಯ ಮೊದಲ ಭಾಗದಲ್ಲಿ, ಸ್ವಲ್ಪ ಗಫಲತ್ತು ಇರುವುದರಿಂದಲೇ ಈ ಲೋಕದ ವ್ಯವಹಾರ ನಿಂತಿದೆ ಎಂಬ ಭಾವದ ಮಾತನ್ನೂ ಹೇಳಿಬಿಡುತ್ತಾರೆ. ಸದಾ ಸಾವನ್ನೇ ಕಣ್ಣೆದುರು ಕಾಣುತ್ತಿದ್ದರೆ ಯಾರು ಗಿಡ ನೆಟ್ಟಾರು?

ನಮ್ಮ ನಾಡಿಗೆ ಈ ವಿಚಾರ ದಖ್ಖನಿಯ ಮೂಲಕ ಬಂತು. 1422ರಲ್ಲಿ ಕಲಬುರಗಿಯಲ್ಲಿ ನಿಧನರಾದ ಖ್ವಾಜಾ ಬಂದಾನವಾಝರ ನಂತರ, ಬಿಜಾಪುರದ ಹೊರವಲಯದ ಶಾಹಪುರ ದಿಬ್ಬದ ಚಿಶ್ತಿಗಳು, ಮೀರಾಂಜಿ ಶಂಸುಲ್ ಉಷ್ಶಾಕ್, ಅವರ ಮಗ ಬುರ್ಹಾನುದ್ದೀನ್ ಜಾನಮ್, ಜನರ ಮಾತಿನಲ್ಲಿ ಬರೆದರು. ಆ ಪರಂಪರೆಯಿಂದ ಹುಟ್ಟಿದ್ದು ‘ಚಕ್ಕಿನಾಮಾ’, ‘ಚರಖಾನಾಮಾ’ಗಳು. ಬೀಸುವ, ನೂಲುವ ಹೆಂಗಸರು ಹಾಡುವ ಪದಗಳು ಅವು. ಬೀಸುಕಲ್ಲಿನ ಹಿಡಿಯನ್ನೇ ಅಲಿಫ್ ಅಕ್ಷರವಾಗಿ ಕಂಡು, ಕಲ್ಲಿನ ಒಂದೊಂದು ಸುತ್ತಿಗೆ ಝಿಕ್ರ್ ಸೇರಿಸುವ ಹಾಡುಗಳು. ಇತಿಹಾಸಕಾರ ರಿಚರ್ಡ್ ಈಟನ್ 1978ರ ತಮ್ಮ ‘ಸೂಫೀಸ್ ಆಫ್ ಬಿಜಾಪುರ್’ ಗ್ರಂಥದಲ್ಲಿ, ಈ ಹಾಡುಗಳ ಮೂಲಕವೇ ಸೂಫಿ ವಿಚಾರ ಹಳ್ಳಿಯ ಮನೆಗಳ ಒಳಗೆ ಹೋಯಿತು ಎಂದು ತೋರಿಸಿದ್ದಾರೆ. ಪಕ್ಕದ ಮನೆಯ ಅಕ್ಕ ಬೀಸುವ ಪದವನ್ನು ಕನ್ನಡದಲ್ಲಿ ಹಾಡುತ್ತಿದ್ದಳು, ಈ ಮನೆಯ ಬೂಬು ದಖ್ಖನಿಯಲ್ಲಿ. ಗಾಫಿಲ್ ಆಗಬೇಡ ಎಂದು ಗದರುವ ಬದಲು, ಕೆಲಸದಲ್ಲಿ ಮುಳುಗಿದ ಕೈಗೇ ನೆನಪನ್ನು ಕಟ್ಟಿಕೊಟ್ಟರು.

ಕನ್ನಡಕ್ಕೂ ಈ ವಿಚಾರ ಅಪರಿಚಿತವಾಗಿರಲಿಲ್ಲ. ಜೈನರ ‘ತತ್ತ್ವಾರ್ಥಸೂತ್ರ’ ಕರ್ಮಬಂಧದ ಐದು ಕಾರಣಗಳಲ್ಲಿ ‘ಪ್ರಮಾದ’ವನ್ನು ಹೇಳುತ್ತದೆ, ಅಂದರೆ ಎಚ್ಚರ ತಪ್ಪುವುದು. ಇವತ್ತಿನ ಕನ್ನಡದಲ್ಲಿ ಪ್ರಮಾದ ಅಂದರೆ ದೊಡ್ಡ ತಪ್ಪು ಮಾತ್ರ. 12ನೇ ಶತಮಾನದ ಶರಣರ ವಚನಗಳಲ್ಲಿ ಅರಿವಿಗೆ ಎದುರಾಗಿ ‘ಮರೆವು’ ನಿಲ್ಲುತ್ತದೆ. ನಂತರ ಪಾರಸಿ ಆಡಳಿತದ ಜೊತೆ ಬಂದ ಪದಗಳು ಎಚ್ಚರದ ಕಡೆಯವು. ‘ಹೋಶಿಯಾರ್’ ಕನ್ನಡದಲ್ಲಿ ‘ಹುಷಾರು’ ಆಯಿತು. "ಹುಷಾರಾಗಿರು" ಅನ್ನುವಾಗ ಎಚ್ಚರ, "ಮೈ ಹುಷಾರಿಲ್ಲ" ಅನ್ನುವಾಗ ಆರೋಗ್ಯ. ಅರಬಿಯ ‘ಖಬರ್’ ಅಂದರೆ ಸುದ್ದಿ; ಹದೀಸ್ ಶಾಸ್ತ್ರದಲ್ಲಿ ವರದಿಗೂ ಖಬರ್ ಎನ್ನುತ್ತಾರೆ. ಅದೇ ಪದ ಉತ್ತರ ಕರ್ನಾಟಕದಲ್ಲಿ ಪ್ರಜ್ಞೆಯೇ ಆಗಿಬಿಟ್ಟಿದೆ. "ಮೈಮ್ಯಾಲ ಖಬರಿಲ್ಲೇನ?" ಅಂತ ಅಲ್ಲಿ ಕೇಳುವಾಗ ಸುದ್ದಿ ತಲುಪಿದವನೇ ಎಚ್ಚರದವನು ಎಂಬ ಹಳೆಯ ತಿಳಿವಳಿಕೆ ಅದರಲ್ಲಿ ಕೂತಿದೆ.

ಪದ ಬೈಗುಳದ ಕಡೆ ಹೆಚ್ಚು ವಾಲಿದ್ದು 1857ರ ನಂತರದ ಉತ್ತರ ಭಾರತದಲ್ಲಿ. ಸರ್ ಸಯ್ಯದ್ ಅಹ್ಮದ್ ಖಾನ್ 1875ರಲ್ಲಿ ಅಲಿಗಢದಲ್ಲಿ ವಿದ್ಯಾಸಂಸ್ಥೆ ಸ್ಥಾಪಿಸಿದರು, ಹಾಲಿ 1879ರಲ್ಲಿ ‘ಮುಸದ್ದಸ್’ ಬರೆದರು. ರಾಜ್ಯ ಹೋಗಿತ್ತು, ಇಂಗ್ಲಿಷ್ ವಿದ್ಯೆ ಬಂದಿತ್ತು, ಜನರನ್ನು ಎಬ್ಬಿಸಬೇಕಿತ್ತು. ‘ಖ್ವಾಬೆ ಗಫಲತ್’, ಗಫಲತ್ತಿನ ನಿದ್ದೆ, ಉರ್ದು ಸುಧಾರಣಾ ಬರಹಗಳ ಪರಿಚಿತ ನುಡಿಗಟ್ಟಾಯಿತು. ಒಬ್ಬ ಮನುಷ್ಯನ ಹೃದಯದ ಕಾಯಿಲೆ ಇಡೀ ಕೌಮಿನ ಕಾಯಿಲೆಯಾಯಿತು. ಆ ಹಿರಿಯರ ಉದ್ದೇಶದಲ್ಲಿ ತಪ್ಪಿಲ್ಲ, ಅವರು ಬೈದು ಸುಮ್ಮನಾಗದೆ ಶಾಲೆಯನ್ನೂ ಕಟ್ಟಿದರು. ನಾವು ಅವರಿಂದ ಬೈಗುಳವನ್ನು ಮಾತ್ರ ಉಳಿಸಿಕೊಂಡೆವೇನೋ.

ಆದ್ದರಿಂದ ಮುಂದಿನ ಸಲ ಈ ಪದ ನಾಲಿಗೆಗೆ ಬಂದಾಗ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಎದುರಿಗಿರುವವರು ಅರಿಯದವರೋ, ಮೈಮರೆತವರೋ, ಅಲಕ್ಷ್ಯ ಮಾಡಿದವರೋ? ಅರಿಯದವರಿಗೆ ಖಬರ್ ತಲುಪಿಸಬೇಕು, ಮೈಮರೆತವರಿಗೆ ದುಲ್‌ಯದೈನರಂತೆ ಮೆಲ್ಲಗೆ ನೆನಪಿಸಬೇಕು. ಕಟುವಾದ ಮಾತು ಸಲ್ಲುವುದು ಮೂರನೆಯವರಿಗೆ, ಅದರಲ್ಲೂ ಹೊಣೆ ಹೊತ್ತು ಕೂತವರಿಗೆ. ಫೋನಿನಲ್ಲಿ ಹಣ ಕಳೆದುಕೊಂಡ ಚಾಚಾನನ್ನು ಗಾಫಿಲ್ ಎಂದು ಬೈದು ಎದ್ದುಹೋಗುವ ಮೊದಲು, ಅಂಥ ಕರೆಗಳ ಬಗ್ಗೆ ಅವರಿಗೆ ನಾವು ಯಾವತ್ತಾದರೂ ಕೂರಿಸಿ ಹೇಳಿದ್ದೆವಾ? ಹೇಳದೇ ಇದ್ದರೆ ಆ ಮರಳಿನಲ್ಲಿ ದಾರಿಯ ಗುರುತೇ ಇರಲಿಲ್ಲ. ಅದನ್ನು ನೆಡಬೇಕಾಗಿದ್ದವರು ನಾವು.